ಓರೆ ಕೊಳವೆಯಲ್ಲಿ ಕೂತ ಗಾಳದ ಕೋಲು

ಮೊಮ್ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ರಾಜಾಜಿನಗರದ ನಮ್ಮ ಎರಡು ರೂಮಿನ ಮನೆಯಲ್ಲಿ ಆ ಮಗುವನ್ನು ಎತ್ತಿಕೊಳ್ಳದವನು ಅಂದ್ರೆ ನಾನೊಬ್ಬನೇ. ಆಸೆ ಇರಲಿಲ್ಲ ಅಂತಲ್ಲ. ಎಂಬತ್ತರ ದಶಕ ಅರ್ಧ ಕಳೆದಿತ್ತು, ನನಗೆ ಐವತ್ತು ದಾಟಿತ್ತು, ತಾತ ಆಗಿದ್ದೀನಿ ಅನ್ನೋ ಖುಷಿಗೆ ರಾತ್ರಿ ನಿದ್ದೇಲೂ ನಗ್ತಾ ಇದ್ದೆನಂತೆ. ನನ್ನ ಹೆಂಡತಿಯೇ ಹೇಳಿದ್ದು.

ತೊಂದರೆ ಇದ್ದದ್ದು ಕೈಯಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಫ್ಯಾಕ್ಟರಿಯ ಪ್ರೆಸ್ ಮಿಷಿನ್ ನನ್ನ ಬಲಗೈಯಿಂದ ಮೂರು ಬೆರಳು ತಗೊಂಡಿತ್ತು. ಹೆಬ್ಬೆರಳು, ಕಿರುಬೆರಳು ಉಳಿದವು. ಏನು ಎತ್ತಿಕೊಂಡರೂ ಜಾರೀತು ಅಂತ ಇರೋ ಶಕ್ತಿಯೆಲ್ಲ ಹಾಕಿ ಒತ್ತಿ ಹಿಡಿಯೋದು ಅಭ್ಯಾಸ ಆಗಿಬಿಟ್ಟಿತ್ತು. ಆಸ್ಪತ್ರೆಯಿಂದ ಮಗು ಬಂದ ದಿನ ಹಾಗೇ ಎದೆಗೆ ಅವುಚಿಕೊಂಡೆ. ಮಗು ಕೆಂಪಗಾಗಿ ಕಿರುಚಿಕೊಂಡಿತು. ನನ್ನ ಹೆಂಡತಿ ಕಿತ್ತುಕೊಂಡು, “ರೀ, ಮಗೂನ ಏನು ಫ್ಯಾಕ್ಟರಿ ವೈಸಿಗೆ ಹಾಕಿ ಬಿಗೀತಾ ಇದ್ದೀರಾ?” ಅಂದಳು. ಮಗಳು ನಕ್ಕಳು. ನಾನೂ ನಕ್ಕೆ. ಆಮೇಲೆ ಮುಟ್ಟಲಿಲ್ಲ. ಮಗಳು ಕೊಡೋಕೆ ಬಂದರೆ ಕೈ ತೊಳೆದಿಲ್ಲ ಅಂತಲೋ, ಬಸ್ಸಿಗೆ ಹೊತ್ತಾಯ್ತು ಅಂತಲೋ ಎದ್ದು ಹೋಗ್ತಿದ್ದೆ.

ವೆಲ್ಡಿಂಗ್ ಅಂಗಡಿ ಇಟ್ಟಿದ್ದ ನನ್ನ ಗೆಳೆಯನದೊಂದು ತಗಡಿನ ದೋಣಿ ಮಲ್ಲತ್ತಹಳ್ಳಿ ಕೆರೆಯಲ್ಲಿತ್ತು. ಕೈ ಸರಿ ಇದ್ದಾಗ ಭಾನುವಾರ ಬೆಳಗ್ಗೆ ಇಬ್ಬರೂ ಹೋಗ್ತಿದ್ವಿ. ಅವನು ನಿಧಾನಕ್ಕೆ ಹುಟ್ಟು ಹಾಕೋನು, ನಾನು ಹಿಂದೆ ಕೂತು ಗಾಳದ ಕೋಲು ಹಿಡಿಯೋನು. ದೋಣಿ ಹಿಂದೆ ದಾರದ ತುದಿಯಲ್ಲಿ ತಗಡಿನ ಚೂರು ಮಿಣಮಿಣ ಅಂತ ಬರ್ತಿದ್ರೆ, ಹಾವಿನ ತಲೆಯ ಕೊರವ ಮೀನು ಅದನ್ನ ಮರಿಮೀನು ಅಂದುಕೊಂಡು ಬಾಯಿ ಹಾಕೋದು. ಬೆರಳು ಹೋದ ಮೇಲೆ ನಾನು ಆ ಕಡೆ ತಲೆ ಹಾಕಿರಲಿಲ್ಲ.

ಒಂದು ದಿನ ಗೆಳೆಯ ಮನೆ ಬಾಗಿಲಿಗೇ ಬಂದ. “ನಾನೇ ಹುಟ್ಟು ಹಾಕಿ ನಾನೇ ಕೋಲು ಹಿಡಿಯೋಕೆ ನನಗೇನು ನಾಲ್ಕು ಕೈ ಇದಾವೇನೋ?”

“ನನಗಿರೋದೇ ಒಂದೂವರೆ ಕಣೋ.”

“ನನ್ನವೆರಡು ಸೇರಿ ಮೂರೂವರೆ. ಸಾಕು ಬಾ. ಕೋಲನ್ನ ದೋಣಿ ಅಂಚಿಗೇ ನಿಲ್ಲಿಸೋ ಹಾಗೆ ಏನಾದ್ರೂ ಮಾಡೋಣ.”

ಅದನ್ನ ನಾನೇ ಮಾಡ್ತೀನಿ ಅಂದೆ. ಪ್ರೆಸ್ ಶಾಪಿನವನಿಗೆ ಬಿಗಿ ಅಂದ್ರೇನೇ ಭದ್ರ. ಎರಡು ಕಬ್ಬಿಣದ ದವಡೆ, ನಡುವೆ ಕೋಲು, ಮೇಲೊಂದು ನಟ್ಟು. ಸ್ಪ್ಯಾನರ್ ಹಾಕಿ ಗಟ್ಟಿಯಾಗಿ ತಿರುಗಿಸಿದೆ. ಕೆರೆಯ ಅರ್ಧಕ್ಕೆ ಹೋಗಿಲ್ಲ, ಮೀನು ಕಚ್ಚಿತು. ಕೋಲು ಬಾಗಿತು. ಎಡಗೈಯಲ್ಲಿ ನಟ್ಟು ಬಿಚ್ಚೋಕೆ ಹೋದೆ, ಅಲ್ಲಾಡಲಿಲ್ಲ. ದಾರ ಪಟಕ್ಕನೆ ತುಂಡಾಯ್ತು.

“ನಾವು ಬಂದಿದ್ದು ಮೀನು ಹಿಡಿಯೋಕೋ, ಕೋಲು ಹಿಡಿಯೋಕೋ?” ಅಂದ ಅವನು.

ಮುಂದಿನ ವಾರ ಗುಜರಿ ಅಂಗಡಿಗೆ ಹೋದ್ವಿ. ಕೋಲನ್ನೂ ಹೆಗಲ ಮೇಲೆ ಹೊತ್ತುಕೊಂಡೇ ಹೋಗಿದ್ದೆ, ಪೈಪಿಗೆ ತೂರಿಸಿ ನೋಡೋಕೆ. ಒಂದರೊಳಗೆ ಬುಡವೇ ಇಳೀಲಿಲ್ಲ. ಇನ್ನೊಂದರೊಳಗೆ ಒರಳಲ್ಲಿ ಒನಕೆ ಆಡಿದ ಹಾಗೆ ಆಡಿತು. ಕೊನೆಗೆ ಹಳೇ ನಲ್ಲಿ ಪೈಪಿನ ಮೊಳದುದ್ದದ ತುಂಡು ಒಂದು ಸಿಕ್ಕಿತು. ಒಳಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದರೆ ಸರಿಹೋಗೋ ಅಳತೆ. ಅದನ್ನ ಅವನ ಅಂಗಡಿಗೆ ತಂದ ಮೇಲೆ, ಎರಡೂ ಕಡೆ ತೂತು ಕೊರೆದು ಬೋಲ್ಟು ಹಾಕೋಣ ಅಂದೆ.

ಅವನು ವೆಲ್ಡಿಂಗ್ ಕನ್ನಡಕ ತೆಗೆದು ನನ್ನನ್ನೇ ನೋಡಿದ. “ಕಂಡಿದ್ದಕ್ಕೆಲ್ಲ ಬೋಲ್ಟು ಹಾಕ್ತೀಯಲ್ಲೋ. ಬಿಗಿ ಬೇಡ, ಓರೆ ಸಾಕು. ಓರೆಯಾಗಿ ಕೂತರೆ, ಮೀನು ಎಳೆದಷ್ಟೂ ಕೋಲು ಕೊಳವೆ ಗೋಡೆಗೇ ಒತ್ಕೊಳ್ಳುತ್ತೆ. ನಿನಗೆ ಬೇಕಾದಾಗ ಸುಮ್ನೆ ಮೇಲಕ್ಕೆತ್ತು, ಬರುತ್ತೆ.”

ಕೊಳವೆಯನ್ನ ಹಿಂದಕ್ಕೆ ವಾಲಿಸಿ, ಅಂಗಡಿ ಮುಂದೆ ತಂದಿಟ್ಟಿದ್ದ ದೋಣಿಯ ಅಂಚಿಗೆ ಬೆಸುಗೆ ಹಾಕಿದ. ದಾರ ಸುತ್ತೋ ರೀಲಿನ ಕಾಲು ಕೂರಲಿ, ಕೋಲು ತಿರುಗದಿರಲಿ ಅಂತ ಕೊಳವೆ ಬಾಯಲ್ಲೊಂದು ಸೀಳು ಬಿಟ್ಟ. ನನಗೆ ನಂಬಿಕೆ ಬರಲಿಲ್ಲ. ಕೋಲಿಗೊಂದು ಹಗ್ಗ ಕಟ್ಟಿ ದೋಣಿಗೆ ಗಂಟು ಹಾಕಿದೆ.

ಭಾನುವಾರ ಬಿಸಿಲು ಏರೋ ಮುಂಚೆ ರೀಲು ಕಿರ್ರಂತು. ಕೋಲು ಬಾಗಿತು, ಆದರೆ ಕೊಳವೆ ಬಿಟ್ಟು ಏಳಲಿಲ್ಲ. ಎಡಗೈಯಲ್ಲಿ ಎತ್ತಿದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಬುಡವನ್ನ ಕಂಕುಳಿಗೆ ಕೊಟ್ಟು, ಕೋಲನ್ನ ಬಲತೋಳಿನ ಮೇಲೆ ಮಲಗಿಸಿ, ಎಡಗೈಯಲ್ಲಿ ರೀಲು ಸುತ್ತಿದೆ. ಮೊಳದುದ್ದದ ಮೀನು. ಗೆಳೆಯ ಬಲೆಯಲ್ಲಿ ಎತ್ತಿ ಹಾಕಿ, “ಬೆರಳು ಬೇಕಾಯ್ತೇನೋ?” ಅಂದ. ನಾನು ತೋಳು ನೋಡಿಕೊಂಡೆ. ನಿಜ, ಏನನ್ನೂ ಒತ್ತಿ ಹಿಡಿದಿರಲಿಲ್ಲ.

ಮನೆಗೆ ಬಂದಾಗ ಮಗಳು ಬಟ್ಟೆ ಒಣಗಹಾಕ್ತಿದ್ದಳು. ಹೆಂಡತಿ ಮೀನು ತಗೊಂಡು ನಲ್ಲಿ ಹತ್ತಿರ ಕೂತಳು. ಒಳಗೆ ಚಾಪೆ ಮೇಲೆ ಮಗು ಅಳ್ತಿತ್ತು. ಮೀನಿನ ವಾಸನೆ ಹೋಗೋವರೆಗೂ ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಚಾಪೆ ಮೇಲೆ ಕೂತು, ಮಗುವಿನ ತಲೆ ಬಲಮೊಣಕೈ ಮಡಿಕೆಗೆ ಬರೋ ಹಾಗೆ ಓರೆಯಾಗಿ ಮಲಗಿಸಿಕೊಂಡೆ. ಎಡಗೈ ಕೆಳಗೆ ಸುಮ್ಮನೆ ಇತ್ತು. ಒತ್ತಲಿಲ್ಲ. ಅದರ ಭಾರಕ್ಕೆ ಅದೇ ನನ್ನ ಎದೆಗೆ ಒರಗಿತು. ಅಳು ನಿಲ್ಲಿಸಿ, ನನ್ನ ಮುಖ ನೋಡಿ, ಆಕಳಿಸಿತು.

ಮಗಳು ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಕಣ್ಣೊರೆಸಿಕೊಂಡು, “ಕೊಡಪ್ಪ, ಹಾಲು ಕುಡಿಸ್ತೀನಿ,” ಅಂದಳು.

“ಇರಮ್ಮ, ಈಗ ತಾನೇ ಬಂದಿದ್ದಾಳೆ.”

ತೋಳು ಜೋಮು ಹಿಡೀತು. ಆದರೂ ಕೊಡಲಿಲ್ಲ. ಹಾಗೇ ಎದ್ದು ಗೇಟಿನ ತನಕ ಹೋಗಿ, ಬೀದಿಯಲ್ಲಿ ಹೋಗೋರನ್ನೆಲ್ಲ ಕರೆದು ತೋರಿಸಿದೆ, ಗುರುತಿಲ್ಲದವರಿಗೂ. ಸೊಪ್ಪಿನವಳು ಬುಟ್ಟಿ ಇಳಿಸಿ, “ತಾತನ ಮೂಗೇ ಬಂದೈತೆ,” ಅಂದಳು. ಅಷ್ಟಕ್ಕೇ ಅವಳ ಹತ್ತಿರ ನಾಲ್ಕು ಕಟ್ಟು ದಂಟಿನ ಸೊಪ್ಪು ತಗೊಂಡೆ.

ನಲ್ಲಿ ಹತ್ತಿರದಿಂದ ಹೆಂಡತಿ ಕೂಗಿದಳು. “ರೀ, ಮೀನು ಸಾರಿಗೆ ಯಾರಾದ್ರೂ ದಂಟಿನ ಸೊಪ್ಪು ಹಾಕ್ತಾರಾ?”