ಹಾಗೇ ಉಳಿದ ನೀರಿನ ಲೋಟ

ಮಾತಿನ ನಡುವೆ ಮೇಷ್ಟ್ರ ಬಲಗೈ ಹೆಬ್ಬೆರಳು ಎಡ ಹೆಗಲಿಗೆ ಹೋಗುತ್ತಿತ್ತು. ಅಂಗಿಯ ಮೇಲೆ, ಕಾಲರಿನಿಂದ ನಾಲ್ಕು ಬೆರಳು ಆಚೆ, ಏನನ್ನೋ ಎತ್ತಿ ಸರಿಮಾಡಿಕೊಳ್ಳುವಂತೆ ಒಮ್ಮೆ ಒತ್ತಿ ಕೆಳಗಿಳಿಯುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ಜನಿವಾರ ತೆಗೆದಿದ್ದರು. ನಾನು ಅವರ ಬಳಿ ಸೇರುವ ಹೊತ್ತಿಗೆ ಅದಕ್ಕೆ ನಲವತ್ತು ವರ್ಷ ದಾಟಿತ್ತು. ಬೆರಳಿಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ.

ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅವರು ಕೆಂಪಾಪುರದಲ್ಲಿ, ಔಷಧಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಆಪ್ತಸಮಾಲೋಚನೆ ನಡೆಸುತ್ತಿದ್ದರು. ಓದು ಮುಗಿಸಿದ ಮೇಲೆ ನಾನು ಕೆಲಸ ಕಲಿಯಲು ಅಲ್ಲಿಗೆ ಹೋದೆ. ಬಂದವರ ಒಪ್ಪಿಗೆ ಪಡೆದು, ಮೂಲೆಯ ಕುರ್ಚಿಯಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಆ ಕೋಣೆಯಲ್ಲಿ ದೇವರ ಪಟ ಇರಲಿಲ್ಲ. ಕೆಳಗಿನ ಅಂಗಡಿಯವರು ಪ್ರತಿ ವರ್ಷ ಕೊಡುತ್ತಿದ್ದ ಕ್ಯಾಲೆಂಡರಿನ ಲಕ್ಷ್ಮಿಯ ಚಿತ್ರವನ್ನು ಮೇಷ್ಟ್ರು ಕತ್ತರಿಯಿಂದ ನೀಟಾಗಿ ಕತ್ತರಿಸಿ, ತಾರೀಕಿನ ಭಾಗ ಮಾತ್ರ ಗೋಡೆಗೆ ತೂಗುಹಾಕುತ್ತಿದ್ದರು.

ಯಾರೇ ಬಂದರೂ ಮೊದಲು ಸ್ಟೀಲ್ ಲೋಟದಲ್ಲಿ ನೀರು ತಾವೇ ತಂದು ಎದುರಿಗಿಡುತ್ತಿದ್ದರು. ವಯಸ್ಸು ಎಷ್ಟೇ ಇರಲಿ, ಯಾರನ್ನೂ ಏಕವಚನದಲ್ಲಿ ಕರೆಯುತ್ತಿರಲಿಲ್ಲ. ಬಂದವರು ಮೆಟ್ಟಿಲಿಳಿದ ಮೇಲೆ ನನ್ನ ಕಡೆ ತಿರುಗಿ ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನನಗೆ ಕೇಳಿಸ್ದೇ ಹೋಗಿದ್ದು ಏನಮ್ಮ?" ಮೊದಮೊದಲು ಅದು ನನಗಿಡುವ ಪರೀಕ್ಷೆ ಎಂದುಕೊಂಡಿದ್ದೆ. ಅವರು ನಿಜವಾಗಿಯೂ ತಿಳಿಯಲೆಂದೇ ಕೇಳುತ್ತಿದ್ದರು.

ಜನಿವಾರ ತೆಗೆದ ಕತೆಯನ್ನು ಅವರು ಹಲವರಿಗೆ ಹೇಳಿದ್ದರು. ತಂದೆ ಎರಡು ವರ್ಷ ಮಾತು ಬಿಟ್ಟರಂತೆ. ಆದರೂ ಆ ದಿನ ಹಗುರಾದಷ್ಟು ತಾವು ಮತ್ತೆಂದೂ ಆಗಲಿಲ್ಲ ಎನ್ನುತ್ತಿದ್ದರು. ವ್ರತ, ಹರಕೆಗಳ ಭಯದಲ್ಲಿ ಸಿಕ್ಕಿಕೊಂಡ ಎಷ್ಟೋ ಹೆಂಗಸರಿಗೆ ಆ ಕತೆಯಿಂದ ಧೈರ್ಯ ಬಂದದ್ದನ್ನು ನಾನೇ ನೋಡಿದ್ದೇನೆ. ಒಮ್ಮೆ ಒಬ್ಬರು ಎರಡೂ ಮಣಿಕಟ್ಟಿನ ತುಂಬ ಮಂತ್ರಿಸಿದ ದಾರ ಕಟ್ಟಿಕೊಂಡು ಬಂದಿದ್ದರು. "ಇಷ್ಟ್ ದಾರ ಕಟ್ಕೊಂಡ್ರೆ ವಾಚ್ ಎಲ್ಲಿ ಕಟ್ತೀರಿ ಸ್ವಾಮಿ?" ಎಂದರು ಮೇಷ್ಟ್ರು. ಆ ಮನುಷ್ಯನೂ ನಕ್ಕ, ನಾನೂ ನಕ್ಕೆ. ಅದೇ ಸಂಜೆ ನನ್ನ ಕೊರಳಿನ ಇಷ್ಟಲಿಂಗವನ್ನು ತೆಗೆದು ಕೈಚೀಲದ ಒಳಜೇಬಿಗೆ ಹಾಕಿದೆ. ತೆಗೆ ಎಂದು ಅವರು ಹೇಳಿರಲಿಲ್ಲ.

ನಮ್ಮದು ಧಾರವಾಡ ಕಡೆಯ ಮನೆತನ. ಅಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿದ್ದರು. ನಾನು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಅಜ್ಜಿ ಬೆಳಿಗ್ಗೆ ಲಿಂಗಪೂಜೆ ಮಾಡದೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಲಿಂಗ ಮೈಮೇಲಿಲ್ಲದಿದ್ದರಂತೂ ನೀರಿನ ಮಾತೇ ಇಲ್ಲ. ಅವಳು ತೀರಿಕೊಂಡಾಗ ಆ ಲಿಂಗವನ್ನು ಅವಳ ಅಂಗೈಯಲ್ಲಿಟ್ಟು ಮಣ್ಣು ಮಾಡಿದರು. ಬದುಕಿರುವ ತನಕ ಕೊರಳಲ್ಲಿ, ಆಮೇಲೆ ಅಂಗೈಯಲ್ಲಿ. ಇದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆ ವರ್ಷ ಉತ್ತರ ಕರ್ನಾಟಕದ ಒಬ್ಬರು ಮೇಷ್ಟ್ರ ಬಳಿ ಬರತೊಡಗಿದರು. ಅವರ ಗುರುತು ಸಿಗಬಾರದೆಂದು ಊರು, ಕೆಲಸ ಬರೆಯುತ್ತಿಲ್ಲ. ಮೂವತ್ತನಾಲ್ಕು ವರ್ಷ, ಮದುವೆಯಾಗಿರಲಿಲ್ಲ, ಜಾಲಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದರು. ತಾಯಿ ಊರಿನಲ್ಲಿ ತೀರಿಕೊಂಡ ದಿನ ಇವರು ಡ್ಯೂಟಿಯಲ್ಲಿದ್ದರು. ಸುದ್ದಿ ತಡವಾಗಿ ತಿಳಿದು, ಹೋಗುವಷ್ಟರಲ್ಲಿ ಮಣ್ಣು ಮುಚ್ಚಿತ್ತು. ಅಲ್ಲಿಂದ ನಿದ್ದೆ ಹೋಯಿತು. ಪೂಜೆಗೆ ಕೂತರೆ ಕೈ ನಡುಗುತ್ತದೆ, ತಾನು ಅದಕ್ಕೆ ಯೋಗ್ಯನಲ್ಲ ಎನಿಸುತ್ತದೆ ಎಂದಿದ್ದರು. ಹಿಂದಿನ ಭೇಟಿಯಲ್ಲಿ ಮೇಷ್ಟ್ರು ಅವರಿಗೂ ಜನಿವಾರದ ಕತೆ ಹೇಳಿದ್ದರು.

ಐದನೆಯ ಸಲ ಬಂದದ್ದು ಒಂದು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಮುಖ ಶಾಂತವಾಗಿತ್ತು. ತಾವಾಗಿಯೇ ಮಾತು ತೆಗೆದರು.

"ಲಿಂಗ ತಗದೀನ್ರೀ ಸರ್. ಮುಂಜಾನೆ ಅವ್ವನ ಫೋಟೋದ ಮುಂದ ಇಟ್ಟು ಬಂದೀನಿ."

"ಹೇಗನ್ನಿಸ್ತಿದೆ?"

"ಹಗುರ ಆಗೇತ್ರಿ."

ಮೇಷ್ಟ್ರ ಮುಖ ಅರಳಿತು. ಹೆಬ್ಬೆರಳು ಹೆಗಲಿಗೆ ಹೋಯಿತು. ಅದು ದೊಡ್ಡ ಹೆಜ್ಜೆ, ಇಷ್ಟು ಬೇಗ ಈ ಧೈರ್ಯ ಬರುತ್ತದೆಂದು ತಾವು ಎಣಿಸಿರಲಿಲ್ಲ ಎಂದರು. ಅವರು ಕೈಮುಗಿದು, ಬಾಗಿಲ ಬಳಿ ನನಗೂ ಕೈಮುಗಿದು, ಇಳಿದು ಹೋದರು. ಹಿಂದಿನ ನಾಲ್ಕು ಸಲವೂ ನನಗೆ ಕೈಮುಗಿದಿರಲಿಲ್ಲ. ಮೇಜಿನ ಮೇಲೆ ಲೋಟದ ನೀರು ಅಂಚಿನ ತನಕ ಹಾಗೇ ಇತ್ತು.

"ನನಗೆ ಕೇಳಿಸ್ದೇ ಹೋಗಿದ್ದು ಏನಮ್ಮ?"

"ಏನೂ ಇಲ್ಲ ಸರ್," ಎಂದೆ.

ಕೇಳಿಸಿದ್ದನ್ನು ಹೇಳಬೇಕಾದರೆ ನನಗೆ ಅದು ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಿತ್ತು. ಕೈಚೀಲದ ಒಳಜೇಬಿನ ವಿಷಯ ಹೇಳಬೇಕಿತ್ತು. ಆ ನಾಚಿಕೆಗೆ ನಾನು ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂತೆ. ಇನ್ನೊಬ್ಬರು ಬಂದರು, ಹೋದರು. ಹನ್ನೆರಡೂ ಮುಕ್ಕಾಲಿಗೆ ಲೋಟಗಳನ್ನು ತೊಳೆಯಲು ಎತ್ತಿಕೊಂಡೆ. ತುಂಬಿದ ಆ ಲೋಟವನ್ನು ಬೇಸಿನ್ನಿಗೆ ಸುರಿಯಲು ನನಗೆ ಕೈ ಬರಲಿಲ್ಲ. ಅದನ್ನು ಹಿಡಿದುಕೊಂಡೇ ಮೇಷ್ಟ್ರ ಎದುರು ಬಂದು ನಿಂತೆ.

ಅವರು ಬೆಳಗಿನಿಂದ ನೀರು ಕುಡಿದಿಲ್ಲ ಎಂದೆ. ಲಿಂಗ ತೆಗೆದದ್ದು ಬಿಡುಗಡೆಗಾಗಿ ಆಗಿದ್ದರೆ ಈ ನೀರನ್ನು ಕುಡಿಯುತ್ತಿದ್ದರು. ನಿಯಮ ಬಿಟ್ಟಿಲ್ಲ ಸರ್, ಲಿಂಗ ಬಿಟ್ಟಿದ್ದಾರೆ. ನಮ್ಮಲ್ಲಿ ಬದುಕಬೇಕೆಂದಿರುವವರು ಯಾರೂ ಹಾಗೆ ತೆಗೆದಿಡುವುದಿಲ್ಲ, ಅದೂ ತೀರಿಹೋದ ತಾಯಿಯ ಮುಂದೆ.

ಹೆಗಲ ಮೇಲಿನ ಹೆಬ್ಬೆರಳು ಅಲ್ಲೇ ನಿಂತಿತು. "ನಮ್ಮಲ್ಲಿ ಅಂದ್ಯಲ್ಲ," ಎಂದರು. ಮತ್ತೆ, "ಇಷ್ಟೊತ್ತು ಯಾಕೆ... ಬೇಡ, ಆಮೇಲ್ ಹೇಳು. ಚಪ್ಪಲಿ ಹಾಕ್ಕೋ."

ಬೆಳಿಗ್ಗೆ ಬಂದವರ ಫೋನು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಆಟೋದಲ್ಲಿ ಕೂತು ಅಕ್ಕನಿಗೆ ಫೋನ್ ಮಾಡಿದೆವು. ಆಕೆ ಕೆಲಸದಿಂದ ಹೊರಟರೂ ಬರಲು ಒಂದು ಗಂಟೆ ಬೇಕಿತ್ತು. ಹೆಬ್ಬಾಳದ ಫ್ಲೈಓವರ್ ಮೇಲೆ ವಾಹನಗಳು ನಿಂತೇ ಇದ್ದವು. ಮೇಷ್ಟ್ರು ಎರಡೂ ಕೈಗಳಿಂದ ಮುಂದಿನ ಸರಳು ಹಿಡಿದು ಕೂತಿದ್ದರು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅವರು ದೇವರ ಜಗಲಿಯ ಮುಂದೆ ನೆಲದ ಮೇಲೆ ಕೂತಿದ್ದರು. ಮಡಚಿಟ್ಟ ಬಟ್ಟೆಗಳ ಮೇಲೆ ಕೆಲಸದ ಗುರುತಿನ ಚೀಟಿ, ಅಕ್ಕನ ಹೆಸರು ಬರೆದ ಕಾಗದ. ಇನ್ನೊಂದು ವಸ್ತುವೂ ಪಕ್ಕದಲ್ಲಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೇಷ್ಟ್ರು ಅದನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದರು. ನಾನು ಎತ್ತಿಕೊಂಡು ಹೊರಗಿಟ್ಟು ಬಂದೆ. ಅಷ್ಟರಲ್ಲಿ ಮೇಷ್ಟ್ರು ಆತನ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದರು.

"ಬೆಳಿಗ್ಗೆ ನಿನ್ನ ಮಾತು ಕೇಳ್ಲಿಲ್ಲಪ್ಪ ನಾನು," ಎಂದರು, ಮೊದಲ ಸಲ ಏಕವಚನದಲ್ಲಿ. "ನನ್ನ ಕತೇನೇ ಇನ್ನೊಂದ್ಸಲ ಕೇಳ್ಕೊಂಡು ಕೂತಿದ್ದೆ."

ಅದನ್ನು ಕೇಳಿ ಪಕ್ಕದಲ್ಲಿ ಕೂತಿದ್ದವರು ಅತ್ತರು. ಅತ್ತು ಮುಗಿದ ಮೇಲೆ ಮೇಷ್ಟ್ರು, ಮೊದಲು ನೀರು ಕುಡಿಯಬೇಕಲ್ಲ, ಅದಕ್ಕೆ ಏನು ಮಾಡಬೇಕು ಎಂದು ಕೇಳಿದರು.

"ಪೂಜಿ ಮಾಡಬೇಕ್ರಿ. ನನ್ ಕೈ ನಿಲ್ಲಂಗಿಲ್ರಿ."

ಮೇಷ್ಟ್ರು ನನ್ನ ಕಡೆ ನೋಡಿದರು. "ನಿನ್ನ ಬ್ಯಾಗಲ್ಲಿರೋದನ್ನ ತೆಗಿ ಕಣಮ್ಮ. ಅವ್ರ ಜೊತೆ ಕೂತ್ಕೋ."

ಯಾವಾಗಿನಿಂದ ಅವರಿಗೆ ಗೊತ್ತಿತ್ತೋ ನಾನು ಕೇಳಲಿಲ್ಲ. ಇಬ್ಬರೂ ಜೊತೆಗೆ ಕೂತು ಪೂಜೆ ಮಾಡಿದೆವು. ದೇವರಿಲ್ಲವೆನ್ನುವ ಮೇಷ್ಟ್ರು ಅಡುಗೆಮನೆಯಿಂದ ನೀರು ತಂದುಕೊಟ್ಟರು. ಅಕ್ಕ ಬಂದ ಮೇಲೆ ಎಲ್ಲರೂ ಆಸ್ಪತ್ರೆಗೆ ಹೋದೆವು. ಅವರು ಹನ್ನೆರಡು ದಿನ ಅಲ್ಲಿದ್ದರು. ಈಗ ಊರಿನಲ್ಲಿದ್ದಾರೆ, ಇದನ್ನು ಬರೆಯಲು ಒಪ್ಪಿಗೆ ಕೊಟ್ಟವರೂ ಅವರೇ.

ಮೇಷ್ಟ್ರು ಆಸ್ತಿಕರಾಗಲಿಲ್ಲ. "ದೇವ್ರಿಲ್ಲ ಅಂತ ನನಗೆ ಇವತ್ತೂ ಅನ್ಸುತ್ತೆ," ಎಂದರು ಮರುದಿನ. "ಅದನ್ನ ಅವನಿಗೆ ಕುಡಿಸೋಕೆ ಹೋದೆ." ಜನಿವಾರದ ಕತೆಯನ್ನು ಮತ್ತೆ ಯಾರಿಗೂ ಹೇಳಲಿಲ್ಲ. ಹಳೆಯ ಫೈಲುಗಳನ್ನು ಕಪಾಟಿನಿಂದ ಇಳಿಸಿ ಮೊದಲಿನಿಂದ ಓದತೊಡಗಿದರು.

ಅದರಲ್ಲಿ ಜಕ್ಕೂರಿನ ಹೆಂಗಸೊಬ್ಬರ ಫೈಲು ಸಿಕ್ಕಿತು. ಆರು ವರ್ಷ ಹಿಂದಿನದು. ಮನೆಯಲ್ಲಿ ದೀಪ ಹಚ್ಚುವುದನ್ನು ನಿಲ್ಲಿಸಿದ್ದೇನೆ, ಈಗ ಯಾವುದರ ಚಿಂತೆಯೂ ಇಲ್ಲ ಎಂದು ಆಕೆ ಹೇಳಿದ್ದರು. ಪಕ್ಕದಲ್ಲಿ ಮೇಷ್ಟ್ರ ಅಕ್ಷರದಲ್ಲಿ "ಒಳ್ಳೆಯ ಪ್ರಗತಿ" ಎಂದಿತ್ತು. ಅದೇ ಕೊನೆಯ ಪುಟ. ಆಕೆ ಮತ್ತೆ ಬಂದಿರಲಿಲ್ಲ. ಬರುವ ಅಗತ್ಯ ಬೀಳಲಿಲ್ಲ ಎಂದು ಆಗ ಸಂತೋಷಪಟ್ಟಿದ್ದೆ ಎಂದರು. ಆ ಫೋನ್ ನಂಬರು ಈಗ ಯಾರದೂ ಅಲ್ಲ. ವಿಳಾಸ ಹುಡುಕಿಕೊಂಡು ಹೋದರೆ ಆ ಸಾಲುಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ಸುತ್ತ ಯಾರಿಗೂ ಆಕೆಯ ಗುರುತಿರಲಿಲ್ಲ. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಮೇಷ್ಟ್ರು ಜಕ್ಕೂರು ಕೆರೆಯ ಏರಿಯ ಮೇಲೆ ನಡೆಯಲು ಹೋಗುತ್ತಿದ್ದರು. ಎರಡು ಸಲ ನಾನೂ ಜೊತೆಗೆ ಹೋಗಿದ್ದೆ. ಎದುರಿಗೆ ಬರುವ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ನೀರಿನ ಕಡೆಗೆ ನೋಡುತ್ತಿರಲಿಲ್ಲ.

ಹೋದ ವರ್ಷ ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡರು. ಮನೆಗೆ ಹೋದಾಗ ಅವರ ಅಣ್ಣ, ಎಂಬತ್ತರ ಹತ್ತಿರದವರು, ಹೊಸ ಜನಿವಾರವೊಂದನ್ನು ತಮ್ಮನ ಮೈಗೆ ಹಾಕುತ್ತಿದ್ದರು. ಈ ಸಲ ನಾನು ಕಾಯಲಿಲ್ಲ. ಹತ್ತಿರ ಹೋಗಿ, ಸರ್‌ಗೆ ಅದು ಬೇಡವಾಗಿತ್ತು ಎಂದೆ.

"ಗೊತ್ತು ಕಣಮ್ಮ," ಎಂದರು ಅವರು, ತಲೆ ಎತ್ತದೆ. "ಅವನಿಗೆ ಬೇಕಿರ್ಲಿಲ್ಲ. ನನಗೆ ಬೇಕು."

ದಾರ ಎಡ ಹೆಗಲಿನ ಮೇಲೆ, ಆ ಬೆರಳು ಹೋಗುತ್ತಿದ್ದ ಜಾಗದಲ್ಲೇ ಕೂತಿತು.

ಈಗ ಆ ಕೋಣೆಯನ್ನು ನಾನು ನಡೆಸುತ್ತಿದ್ದೇನೆ. ಜಕ್ಕೂರಿನ ಫೈಲು ಮೇಜಿನ ಮೊದಲ ಡ್ರಾಯರಿನಲ್ಲಿದೆ. ಮೂಲೆಯ ಕುರ್ಚಿಯಲ್ಲಿ ಯಾರೂ ಇಲ್ಲದ ದಿನ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡು, ಲೋಟದ ಕಡೆ ನೋಡುತ್ತೇನೆ. ನಿನ್ನೆ ಬಂದವರು ಯಾವ ದೇವರ ಮಾತನ್ನೂ ಎತ್ತಲಿಲ್ಲ. ನಗುತ್ತಲೇ ಮಾತಾಡಿದರು, ಈಗ ಎಲ್ಲ ಸರಿಹೋಗಿದೆ ಎಂದರು, ಬಾಗಿಲ ಬಳಿ ಕೈಮುಗಿದರು. ಲೋಟ ಅಂಚಿನ ತನಕ ಹಾಗೇ ಇತ್ತು. ಬಾಯಾರಿಕೆ ಇರಲಿಲ್ಲವೆಂದಷ್ಟೇ ಇರಬಹುದು. ನಾನು ಚಪ್ಪಲಿ ಹಾಕಿಕೊಳ್ಳಲೂ ನಿಲ್ಲದೆ ಮೆಟ್ಟಿಲಿಳಿದು ಅವರ ಹಿಂದೆ ಹೋದೆ.