ಹಗ್ಗದ ಕಡೆ, ಉಳಿಯ ಕಡೆ

ಹೂಡಿಯ ಹಳೇ ಊರಿನೊಳಗೆ, ಕಾರು ತಿರುಗಿಸಲಾಗದಂಥ ಒಂದು ಗಲ್ಲಿಯ ಕೊನೆಗೆ ಮಹಾಂತಮ್ಮನ ಮನೆ. ಗಂಡ ಸಿದ್ದಲಿಂಗಯ್ಯನವರು ಮಹದೇವಪುರದ ಕಾರ್ಖಾನೆಯಲ್ಲಿ ದುಡಿಯುವಾಗ ಕಟ್ಟಿಸಿದ್ದು. ಅವರು ಹೋದರು, ಅವರ ಹಿಂದೆಯೇ ಸ್ಕೂಟರೂ ಹೋಯಿತು. ಸ್ಕೂಟರು ನಿಲ್ಲುತ್ತಿದ್ದ ತಗಡಿನ ಶೆಡ್ಡು ಮಾತ್ರ ಉಳಿಯಿತು. ಮಧ್ಯಾಹ್ನದ ಹೊತ್ತು ತಗಡಿನ ತೂತಿನಿಂದ ಬಿಸಿಲು ಕೋಲಿನ ಹಾಗೆ ಇಳಿದು ನೆಲದ ಮೇಲೆ ನಿಲ್ಲುತ್ತಿತ್ತು. ಆ ಬಿಸಿಲ ಕೋಲಿನೊಳಗೆ ಧೂಳು ಮೆಲ್ಲಗೆ ಸುತ್ತುತ್ತಿತ್ತು. ಮಹಾಂತಮ್ಮ ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡುತ್ತಾ, ಯಾರೋ ಬಿಸಿಲನ್ನ ಕಡೆಯುತ್ತಿದ್ದಾರಲ್ಲ ಅಂದುಕೊಳ್ಳುತ್ತಿದ್ದಳು.

ಕಡೆಯುವುದು ಅಂದರೆ ಬೇರೆಯವರಿಗೆಲ್ಲ ಮಜ್ಜಿಗೆ ನೆನಪಾಗುತ್ತದೆ. ಅವಳಿಗೆ ಮರ. ಹೊಸದುರ್ಗದ ಆಚೆಗೆ ಒಂದು ಊರಲ್ಲಿ ಅವಳ ಅಪ್ಪ ತೊಟ್ಟಿಲ ಗುಂಡು, ಮಂಚದ ಕಾಲು, ಲಟ್ಟಣಿಗೆ, ಕಡಗೋಲು ಕಡೆದು ಕೊಡುತ್ತಿದ್ದ. ಆ ಊರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ನೆಲಕ್ಕೆ ಹುಗಿದ ಎರಡು ಗೂಟ, ಗೂಟಕ್ಕೊಂದು ದಪ್ಪ ಮೊಳೆ, ಎರಡು ಮೊಳೆಗಳ ನಡುವೆ ಸಿಕ್ಕಿಸಿದ ಮರದ ತುಂಡು. ಆ ತುಂಡಿಗೆ ಹಗ್ಗ ಸುತ್ತಿ, ಎರಡೂ ತುದಿಗಳನ್ನು ಮಗಳ ಕೈಗೆ ಕೊಡುತ್ತಿದ್ದ. ಬಲಗೈ ಎಳೆದರೆ ಮರ ಅಪ್ಪನ ಕಡೆಗೆ ತಿರುಗಿ ಬರುತ್ತಿತ್ತು, ಎಡಗೈ ಎಳೆದರೆ ತಿರುಗಿ ಹೋಗುತ್ತಿತ್ತು. ಬರುವಾಗ ಅಪ್ಪ ಉಳಿ ಒತ್ತುತ್ತಿದ್ದ. ಹೋಗುವಾಗ ಉಳಿಯನ್ನು ಕೂದಲೆಳೆಯಷ್ಟು ಎತ್ತಿ ಸುಮ್ಮನಿರುತ್ತಿದ್ದ.

"ಬಾ... ಹೋಗು... ಬಾ... ಹೋಗು..."

ಅದೇ ಅವಳ ಬಾಲ್ಯದ ಮಗ್ಗಿ. ಸ್ಕೂಲಿನ ಮಗ್ಗಿ ಅವಳಿಗೆ ಅಷ್ಟಾಗಿ ಹತ್ತಲಿಲ್ಲ, ಇದು ಮೈಗೇ ಹತ್ತಿತು. ಒಂದೊಂದು 'ಹೋಗು'ವಿಗೂ ಅಪ್ಪ ತಲೆಯೆತ್ತಿ ಅವಳ ಮುಖ ನೋಡುತ್ತಿದ್ದ. ಎಲ್ಲಿ ತಪ್ಪಿದೆನೋ ಎಂದು ಅವಳು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದಳು. ಸುರುಳಿ ಸುರುಳಿಯಾಗಿ ಏಳುವ ಮರದ ಹೆರೆ ಮಾತ್ರ ಯಾವಾಗಲೂ ಅಪ್ಪನ ಕಾಲ ಮೇಲೇ ಬೀಳುತ್ತಿತ್ತು. ಹಗ್ಗದ ಕಡೆಗೆ ಒಂದು ಚೂರೂ ಬರುತ್ತಿರಲಿಲ್ಲ.

"ಅಪ್ಪಾ, ಅದು ಬಿಸಿ ಇರುತ್ತಾ?"

"ಉಳಿ ಕಡೆಗೆ ಬಂದಾಗ ನಿಂಗೇ ಗೊತ್ತಾಗುತ್ತೆ. ಮುಂದಿನ ವರ್ಷ ಕೈಗೆ ಉಳಿ ಕೊಡ್ತೀನಿ, ತಾಳು."

ಮುಂದಿನ ವರ್ಷ ಅವಳ ಕೈಗೆ ಕಂಕಣ ಕಟ್ಟಿದರು. ಗಂಡನ ಜೊತೆ ಬೆಂಗಳೂರಿಗೆ ಬಂದಳು. ಹಗ್ಗ ಎಳೆದ ಕೈ ನೀರು ಸೇದಿತು, ಮಗಳು ಶೈಲಜಾಳನ್ನು ತೂಗಿತು, ಹೊಲಿಗೆ ಮಷಿನ್ನಿನ ಚಕ್ರ ತಿರುಗಿಸಿತು. ಉಳಿ ಹಿಡಿಯಲಿಲ್ಲ.

ಈಗ ಎಪ್ಪತ್ತು ಹತ್ತಿರ ಬಂತು. ಈಚೆಗೆ ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ಬಲಗೈ ಸಣ್ಣಗೆ ನಡುಗುತ್ತದೆ. ಮಹಾಂತಮ್ಮ ಅದನ್ನು ಮಗಳಿಗೆ ಹೇಳಲಿಲ್ಲ. ಕೈ ಪೂರಾ ಕೈಕೊಡುವ ಮೊದಲು ಒಂದೇ ಒಂದು ಸಲ ಉಳಿಯ ಕಡೆ ನಿಲ್ಲಬೇಕು, ಒಂದು ಕಡಗೋಲನ್ನಾದರೂ ತಾನೇ ಕಡೆಯಬೇಕು ಎಂಬುದಷ್ಟೇ ಅವಳ ಆಸೆ. ಐಟಿ ಪಾರ್ಕಿನ ಹೊಸ ಗೇಟಿಗೆ ಅಡ್ಡ ಬಂತೆಂದು ಹಲಸಿನ ಮರ ಉರುಳಿಸಿದಾಗ ಒಂದು ಕೊಂಬೆ ಕೇಳಿ ತಂದು ಮೆಟ್ಟಿಲ ಕೆಳಗೆ ಒಣಗಲು ಇಟ್ಟಿದ್ದಳು. ಅದು ಒಣಗಿ ಹಳದಿಯಾಗಿ, ಹೋಗಿ ಬಂದು ಮಾಡುವಾಗಲೆಲ್ಲ ಅವಳನ್ನು ಕರೆಯುತ್ತಿತ್ತು.

ತಾರಸಿಯ ಮೇಲಿನ ರೂಮಿನಲ್ಲಿ ಯಾದಗಿರಿ ಕಡೆಯ ಹಣಮಂತ, ಹೊಳೆವ್ವ ಬಾಡಿಗೆಗಿದ್ದರು. ಹಣಮಂತನಿಗೆ ಹಳೇ ಮಷಿನ್ನು ಸಾಗಿಸುವ ಟೆಂಪೋದಲ್ಲಿ ಹಮಾಲಿ ಕೆಲಸ. ಒಂದು ದಿನ ಅವನು ಮೆಟ್ಟಿಲಿಳಿಯುವಾಗ ಮಹಾಂತಮ್ಮ ತಡೆದಳು.

"ಹಣಮಂತಾ, ನಂಗೊಂದು ಕಡೆಯೋ ಮಷಿನ್ ಬೇಕು ಕಣಪ್ಪ. ಹಳೇದಾದ್ರೂ ಪರವಾಗಿಲ್ಲ."

"ಮನೀಗೇನ್ರಿ ಅಮ್ಮಾರ?"

"ಮನೆಗೇ. ಶೆಡ್ಡಲ್ಲಿ ಇಡೋಕೆ."

"ಭಾಳ ದೊಡ್ಡದಿರತೈತ್ರಿ ಅದು."

"ಇರ್ಲಿ ಬಿಡು. ಬೆಣ್ಣೆ ಥರ ತಿರುಗ್ಬೇಕು, ಅಷ್ಟೇ."

ಹಣಮಂತ ತಲೆಯಾಡಿಸಿದ. ವಾರ ಕಳೆಯುವುದರೊಳಗೆ, ಪೀಣ್ಯದಲ್ಲಿ ಈಶಪ್ಪ ಅನ್ನುವವರ ಗೋಡೌನಿನಲ್ಲಿ ಅಂಥದ್ದೇ ಒಂದು ಇದೆ, ಬಂದು ನೋಡ್ರಿ ಎಂದ.

ಶನಿವಾರ ಶೈಲಜಾಳಿಗೆ ರಜೆ. ಮಹದೇವಪುರದ ಅಪಾರ್ಟ್‌ಮೆಂಟಿನಿಂದ ಬಂದು, ದಾರಿಯುದ್ದಕ್ಕೂ ಗೊಣಗುತ್ತಲೇ ಅಮ್ಮನನ್ನು ಮೆಟ್ರೋ ಹತ್ತಿಸಿದಳು. ಮಹಾಂತಮ್ಮ ಕಿಟಕಿಗೆ ಹಣೆ ಹಚ್ಚಿ ಕೂತಳು. ಕೆಳಗೆ ಮನೆಗಳ ತಾರಸಿ, ತಾರಸಿಯ ಮೇಲೆ ನೀರಿನ ಟ್ಯಾಂಕು, ಒಣಹಾಕಿದ ಸೀರೆ, ಎಲ್ಲ ಹಿಂದಕ್ಕೆ ಹರಿದುಹೋಗುತ್ತಿದ್ದವು. ಪಕ್ಕದ ಹಳಿಯಲ್ಲಿ ಎದುರಿನ ಗಾಡಿ ಸರ್ರನೆ ಬಂದು ಹೋಯಿತು. ಒಂದು ಹೋಗುತ್ತದೆ, ಒಂದು ಬರುತ್ತದೆ. ಇಷ್ಟು ದೊಡ್ಡ ಊರಿಗೆ ಯಾರು ಹಗ್ಗ ಸುತ್ತಿದರೋ, ಯಾವ ಮಗು ಎಳೆಯುತ್ತಿದೆಯೋ! ಕಣ್ಣು ತಾನಾಗಿ ಮುಚ್ಚಿತು. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸುವಾಗಲೂ ಅರ್ಧ ನಿದ್ದೆಯಲ್ಲೇ ನಡೆದಳು.

ಪೀಣ್ಯದ ಗೋಡೌನಿನಲ್ಲಿ ಎಣ್ಣೆಯ ವಾಸನೆ, ತುಕ್ಕಿನ ವಾಸನೆ. ಅವರಿಗಿಂತ ಮೊದಲೇ ಬಂದಿದ್ದ ಹಣಮಂತ ಮದುವೆ ಮನೆಯವನಂತೆ ಬರಮಾಡಿಕೊಂಡ. ಈಶಪ್ಪ ಬಂದು ಒಂದು ಟಾರ್ಪಾಲು ಎಳೆದರು. ಒಳಗೆ ಸ್ಟೀಲಿನ ಭಾರೀ ಹಂಡೆ, ನಡುವೆ ತಿರುಗುವ ರೆಕ್ಕೆ.

"ನೋಡಿ ಅಜ್ಜಿ, ಡೈರಿ ಮಾಲು. ಒಂದ್ಸಲಕ್ಕೆ ಒಂದೂರಿಗಾಗೋಷ್ಟು ಮಜ್ಜಿಗೆ ಕಡೆಯುತ್ತೆ. ಅಡುಗೆ ಕಾಂಟ್ರಾಕ್ಟಾ ನಿಮ್ದು?"

ಶೈಲಜಾ ನಗು ತಡೆಯಲಾರದೆ ಆಚೆ ತಿರುಗಿದಳು. ಮಹಾಂತಮ್ಮ ಹಂಡೆಯೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಅವಳದೇ ಮುಖ ಅಗಲವಾಗಿ ತೇಲುತ್ತಿತ್ತು.

"ಇದ್ರಲ್ಲಿ ನನ್ನನ್ನೇ ಹಾಕಿದ್ರೂ ಬೆಣ್ಣೆ ಬರುತ್ತೆ ಕಣಪ್ಪ! ಹಣಮಂತಾ, ಇದೇನೋ ಇದು?"

"ಬೆಣ್ಣಿ ಅಂತ ನೀವ ಹೇಳಿದ್ರಲ್ರಿ ಅಮ್ಮಾರ!"

"ನಾನು ಹೇಳಿದ್ದು ಮರ ಕಡೆಯೋದು ಕಣೋ."

"ಮರ ಕಡಿಯಾಕಾದ್ರ ಗರಗಸ ಕೇಳ್ಬೇಕಿತ್ರಿ!"

ಈಶಪ್ಪ ಹಣೆ ಚಚ್ಚಿಕೊಂಡರು. "ಓ, ವುಡ್ ಲೇತಾ? ಮೊದಲೇ ಹೇಳ್ಬಾರ್ದಾ? ಬನ್ನಿ ಹಿಂದುಗಡೆ."

ಹಿಂದುಗಡೆ, ಕಬ್ಬಿಣದ ಬೀರುಗಳ ಸಂದಿಯಲ್ಲಿ ಅದು ನಿಂತಿತ್ತು. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಬೊಮ್ಮನಹಳ್ಳಿಯಲ್ಲಿ ಮುಚ್ಚಿಹೋದ ಯಾವುದೋ ಫರ್ನಿಚರ್ ಅಂಗಡಿಯದಂತೆ. ಎದುರುಬದುರು ಎರಡು ಮೊನೆ, ಮಧ್ಯೆ ಖಾಲಿ ಜಾಗ. ಅದೇ ಎರಡು ಗೂಟ, ಅದೇ ಎರಡು ಮೊಳೆ! ಮಹಾಂತಮ್ಮ ಮಷಿನ್ನಿನ ಸಂದಿಯೊಳಗೆ ಬೆರಳು ಹಾಕಿದಳು. ಬೆರಳಿಗೆ ಹಳೇ ಮರದ ಪುಡಿ ಹತ್ತಿತು. ಮೂಸಿದಳು, ತೇಗ. ಗೋಡೌನಿನ ಸದ್ದೆಲ್ಲ ದೂರ ಸರಿದು, ಅಪ್ಪನ ಅಂಗಳದ ಬೇವಿನ ನೆರಳು ಕಾಲಡಿಗೆ ಬಂದ ಹಾಗಾಯಿತು.

"ಯಾರಿಗಜ್ಜಿ, ಮೊಮ್ಮಗನಿಗಾ?"

"ನಂಗೆ."

"ತಮಾಷೆ ಮಾಡ್ಬೇಡಿ."

"ನಂಗೇ ಕಣಪ್ಪ. ನೀನು ಸ್ವಿಚ್ ಹಾಕು."

ಮೋಟರು ಗುಂಯ್ ಎಂದಿತು. ಮೊನೆ ತಿರುಗಿತು, ತಿರುಗುತ್ತಲೇ ಇತ್ತು. ಮಹಾಂತಮ್ಮ ಕಾದಳು.

"ವಾಪಸ್ ಯಾವಾಗ ತಿರುಗುತ್ತೆ?"

"ವಾಪಸ್ಸಾ? ಇದೇನು ಬಿಎಂಟಿಸಿ ಬಸ್ಸಾ ಅಜ್ಜಿ, ಹೋಗಿ ವಾಪಸ್ ಬರೋಕೆ? ಒಂದೇ ಕಡೆ, ಅಷ್ಟೇ."

ಅಪ್ಪನದು ಹಾಗೆ ತಿರುಗುತ್ತಿರಲಿಲ್ಲ. ಆದರೆ ಬೆರಳಲ್ಲಿ ಆ ಪುಡಿಯ ವಾಸನೆ ಇನ್ನೂ ಇತ್ತು. "ಆಗ್ಲಿ, ಇದೇ ಇರ್ಲಿ" ಎಂದುಬಿಟ್ಟಳು. ಶೈಲಜಾ ಒಂದಿಷ್ಟು ಚೌಕಾಸಿ ಮಾಡಿದಳು. ಈಶಪ್ಪ ಮೂರು ಉಳಿಗಳನ್ನು ಸುಮ್ಮನೆ ಕೊಟ್ಟರು. ಮನೆಯಲ್ಲಿ ಸರಿಹೋಗದಿದ್ದರೆ ಮುಂದಿನ ಭಾನುವಾರದೊಳಗೆ ತಂದುಬಿಡಿ, ನಾನೇ ಇಟ್ಟುಕೊಳ್ಳುತ್ತೇನೆ ಎಂದರು.

ವಾಪಸ್ ಬರುವಾಗ ದಾರಿಯಲ್ಲೇ ಶೈಲಜಾ ಕರಾರು ಹಾಕಿದಳು. "ಅಮ್ಮಾ, ಸೆರಗು ಸಿಕ್ಕಿದ್ರೆ ಅದು ಬಿಡೋದಿಲ್ಲ. ನಾನಿಲ್ದೇ ಮುಟ್ಬೇಡ. ಒಂದ್ಸಲ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಮಷಿನ್ ವಾಪಸ್."

"ಆಯ್ತು ಕಣೆ ತಾಯಿ."

ಹಣಮಂತ ಟೆಂಪೋದಲ್ಲಿ ತಂದಿಳಿಸಿದ ಲೇತು ವಾರವಿಡೀ ಶೆಡ್ಡಿನಲ್ಲಿ ಬಿಸಿಲ ಕೋಲಿನ ಪಕ್ಕ ನಿಂತಿತ್ತು. ಮಹಾಂತಮ್ಮ ದಿನಾ ಅದರ ಧೂಳು ಒರೆಸಿ, ಹೂವಿಟ್ಟು, ಸ್ವಿಚ್ ಮಾತ್ರ ಮುಟ್ಟದೆ ಮಾತಾಡಿಸಿದಳು. ಶನಿವಾರ ಶೈಲಜಾ ಬಂದಳು. ಹಲಸಿನ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿದರು. ಸೆರಗು ಸುತ್ತಿ ಸೊಂಟಕ್ಕೆ ಬಿಗಿದು ಮಹಾಂತಮ್ಮ ಉಳಿ ಹಿಡಿದಳು. ಶೈಲಜಾ ಸ್ವಿಚ್ ಒತ್ತಿದಳು.

ಮರ ಹಳದಿ ಮಂಜಾಯಿತು. ಮಹಾಂತಮ್ಮ ಉಳಿ ಒತ್ತಿದಳು. ಒತ್ತಿದ ಮರುಗಳಿಗೆ ಕೈ ತಾನಾಗಿ ಮೇಲೆದ್ದಿತು. ಒತ್ತಿದಳು, ಎದ್ದಿತು. ಬಾ, ಹೋಗು, ಎಂದು ಮೈ ಹೇಳುತ್ತಿದೆ. ಮಷಿನ್ನಿಗೆ 'ಹೋಗು' ಅನ್ನುವುದೇ ಗೊತ್ತಿಲ್ಲ. ಅದು ಬಾ, ಬಾ, ಬಾ ಎಂದು ಒಂದೇ ಸಮ ಎಳೆಯುತ್ತಿದೆ. ಎತ್ತಿದ ಉಳಿಯನ್ನು ಮತ್ತೆ ಇಳಿಸುವ ಹೊತ್ತಿಗೆ ಬಲಗೈ ನಡುಗಿತು. ಉಳಿ ಮರಕ್ಕೆ ಕಚ್ಚಿ, ಕೈಯಿಂದ ಕಿತ್ತು ಹಾರಿ, ತಗಡಿಗೆ ಢಣಾರೆಂದು ಬಡಿಯಿತು.

ಶೈಲಜಾ ತಟ್ಟನೆ ಸ್ವಿಚ್ ಆರಿಸಿ ಓಡಿಬಂದಳು. ಅಮ್ಮನ ಕೈ ಹಿಡಿದು ನೋಡಿದಳು. ಗಾಯವಿರಲಿಲ್ಲ. ನಡುಕವಿತ್ತು. ಅದು ಈವತ್ತಿನ ನಡುಕವಲ್ಲ ಎಂದು ಮಗಳಿಗೆ ಗೊತ್ತಾಯಿತು.

"ಯಾವಾಗಿಂದ ಅಮ್ಮಾ?"

ಮಹಾಂತಮ್ಮ ಕೈ ಬಿಡಿಸಿಕೊಂಡು, ಬಿದ್ದ ಉಳಿಯನ್ನು ಎತ್ತಿಟ್ಟಳು.

"ನಾಳೆ ಟೆಂಪೋ ತರೋಕೆ ಹಣಮಂತಂಗೆ ಹೇಳ್ತೀನಿ" ಎಂದಳು ಶೈಲಜಾ. ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಭಾನುವಾರ ಬೆಳಿಗ್ಗೆ ಗಲ್ಲಿಯ ಬಾಯಿಗೆ ಟೆಂಪೋ ಬಂದು ನಿಂತಿತು. ಹಣಮಂತ ಶೆಡ್ಡಿಗೆ ಬಂದು, ಭಾರ ಇಳಿಸಲೆಂದು ಮೊದಲು ಬೆಲ್ಟು ಕಳಚಿ ಮೋಟರು ಬಿಚ್ಚಿ ಪಕ್ಕಕ್ಕಿಟ್ಟ. ಮಹಾಂತಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ನೋಡಲಾರದೆ ಬಿಸಿಲ ಕೋಲನ್ನು ಹುಡುಕಿದಳು. ಬಿಸಿಲು ಇನ್ನೂ ಅಷ್ಟು ಮೇಲಕ್ಕೆ ಬಂದಿರಲಿಲ್ಲ.

ಹೊಳೆವ್ವ ತಟ್ಟೆಯಲ್ಲಿ ಬಿಸಿ ರೊಟ್ಟಿ ಹಿಡಿದು ಮೇಲಿನಿಂದ ಇಳಿದು ಬಂದಳು. ಅಮ್ಮಾರ ಮುಖ ನೋಡಿ, ನಗಿಸಲೆಂದು ಗಂಡನ ಮೇಲೆ ಬಿದ್ದಳು.

"ಇವ್ರನ್ನ ಕಟಗೊಂಡು ಏನ್ ಮಾಡೂದ್ರಿ ಯವ್ವಾ? ಮರದ ಮಷಿನ್ ತೋರ್ಸಂದ್ರ ಮಜ್ಜಿಗಿ ಮಷಿನ್ ತೋರಿಸ್ಯಾರ. ನಾಳಿ ಕಟಗಿ ತಾ ಅಂದ್ರ ಮೊಸರ ತರ್ತಾರ!"

"ನಿನ್ನ ಬಾಯಿಗೆ ಬೀಗ ಹಾಕ!" ಎಂದ ಹಣಮಂತ, ಬೋಲ್ಟು ತಿರುಗಿಸುತ್ತಾ.

"ನಮ್ಮ ಹಟ್ಟ್ಯಾಗ ಮಜ್ಜಿಗಿ ಹಿಂಗ ಮಾಡ್ತೀವಿ, ಗೊತ್ತೈತಿಲ್ಲ? ಮಷಿನ್ ಅಂತ ಮಷಿನ್!" ಎಂದು ಹೊಳೆವ್ವ ರೊಟ್ಟಿ ಕೆಳಗಿಟ್ಟು, ಗಾಳಿಯಲ್ಲೇ ಕಡಗೋಲಿನ ಹಗ್ಗ ಹಿಡಿದವಳಂತೆ ಎರಡೂ ಕೈ ಆಡಿಸಿದಳು. ಬಲಗೈ ಹಿಂದಕ್ಕೆ, ಎಡಗೈ ಮುಂದಕ್ಕೆ. ಎಡಗೈ ಹಿಂದಕ್ಕೆ, ಬಲಗೈ ಮುಂದಕ್ಕೆ.

ಬಾ. ಹೋಗು.

ಮಹಾಂತಮ್ಮ ಎದ್ದು ನಿಂತಳು.

"ಹಣಮಂತಾ, ಬೋಲ್ಟು ಬಿಡು. ಹೊಳೆವ್ವಾ, ಆ ಬಟ್ಟೆ ಒಣಹಾಕೋ ನೂಲಿನ ಹಗ್ಗ ಬಿಚ್ಕೊಂಡು ಬಾರೆ!"

"ಬಟ್ಟಿ ಹಸಿ ಅದಾವ್ರಿ ಯವ್ವಾ."

"ನೆಲಕ್ಕೆ ಹಾಕು!"

ಬೆಲ್ಟು ಕಳಚಿದ ಗಾಲಿಗೆ ಹಗ್ಗ ಎರಡು ಸುತ್ತು ಸುತ್ತಿದಳು. ಎರಡು ತುದಿಗಳನ್ನೂ ಹೊಳೆವ್ವನ ಕೈಗೆ ಕೊಟ್ಟಳು. ಅಷ್ಟರಲ್ಲಿ ಶೈಲಜಾ ಗೇಟಿನೊಳಗೆ ಬಂದವಳು ಹಾಗೇ ನಿಂತಳು. ಮಷಿನ್ನು ನೋಡಿದಳು, ಬಿಚ್ಚಿಟ್ಟ ಮೋಟರು ನೋಡಿದಳು, ಅಮ್ಮನ ಮುಖ ನೋಡಿದಳು. ಏನೂ ಕೇಳದೆ ಹತ್ತಿರ ಬಂದು ಅಮ್ಮನ ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಮೆಲ್ಲಗೆ ಎಳಿ ಹೊಳೆವ್ವಾ. ಮಜ್ಜಿಗೆ ಅಂತಲೇ ತಿಳ್ಕೊ."

ಬಲಗೈ ಎಳೆಯಿತು. ಮೊನೆಗಳ ನಡುವೆ ನಿನ್ನೆಯಿಂದ ಹಾಗೇ ಇದ್ದ ಹಲಸಿನ ತುಂಡು ಮಹಾಂತಮ್ಮನ ಕಡೆಗೆ ತಿರುಗಿ ಬಂತು. ಉಳಿ ಒತ್ತಿದಳು. ಒಂದು ಹಳದಿ ಸುರುಳಿ ಎದ್ದು, ಗಾಳಿಯಲ್ಲಿ ಒಂದು ಗಳಿಗೆ ಯೋಚಿಸಿ, ಪಾದದ ಮೇಲೆ ಬಿತ್ತು. ಬಿಸಿ ಇರಲಿಲ್ಲ. ಬೆಚ್ಚಗಿತ್ತು, ಆಗತಾನೆ ಮಲಗೆದ್ದ ಮಗುವಿನ ಅಂಗೈಯ ಹಾಗೆ. ಎಡಗೈ ಎಳೆಯಿತು, ಉಳಿ ಮೇಲೆದ್ದಿತು. ಒತ್ತುವಾಗ ಮರದ ಆಸರೆಗೆ ಕೈ ಗಟ್ಟಿ ನಿಲ್ಲುತ್ತಿತ್ತು. ಎತ್ತಿದಾಗ ನಡುಗುತ್ತಿತ್ತು. ಎತ್ತಿದಾಗ ನಡುಗಿದರೆ ಯಾರಿಗೂ ತೊಂದರೆಯಿಲ್ಲ, ಮರಕ್ಕೆ ಅದು ತಿಳಿಯುವುದೂ ಇಲ್ಲ.

ಬಾ, ಹೋಗು. ಹಲಸಿನ ವಾಸನೆ ಶೆಡ್ಡೆಲ್ಲ ತುಂಬಿತು. ತಗಡಿನ ತೂತಿಗೆ ಬಿಸಿಲು ಬಂತು, ಕೋಲು ಇಳಿಯಿತು. ಗಲ್ಲಿಯ ಬಾಯಲ್ಲಿ ಟೆಂಪೋದವನು ಹಾರ್ನ್ ಹೊಡೆದ. ಹಣಮಂತ ಹೋಗಿ ಅವನನ್ನು ಖಾಲಿಯೇ ಕಳಿಸಿ ಬಂದ.

ಉಳಿ ಎತ್ತಿದ ಆ ಅರ್ಧ ಉಸಿರಿನಲ್ಲಿ ಮಾಡಲು ಏನೂ ಇರುವುದಿಲ್ಲ ಎಂಬುದು ಮಹಾಂತಮ್ಮನಿಗೆ ಈಗ ಗೊತ್ತಾಯಿತು. ಮರವನ್ನು ನೋಡುವಂತಿಲ್ಲ, ಅದು ಹೋಗುತ್ತಿದೆ. ಕಣ್ಣು ತಾನಾಗಿ ಮೇಲೇಳುತ್ತದೆ, ಹಗ್ಗದ ಕಡೆಗೆ. ಅಲ್ಲಿ ಹಗ್ಗದ ಜೊತೆ ಬಂದು ಹೋಗುವ ಒಂದು ಮುಖವಿದೆ. ಹಣೆಯ ಮೇಲೆ ಬೆವರು, ಕಚ್ಚಿದ ತುಟಿ, ಮೈಯೆಲ್ಲ ಕೆಲಸದಲ್ಲೇ ಮುಳುಗಿದ ಚೆಂದ. ಅಪ್ಪ ಅಷ್ಟು ದಿನ ತಲೆಯೆತ್ತಿ ನೋಡುತ್ತಿದ್ದದ್ದು ತಪ್ಪು ಹುಡುಕಲಿಕ್ಕಲ್ಲ.

ಮತ್ತೊಂದು ಸಲ ಕಣ್ಣೆತ್ತಿದಳು. ಹೊಳೆವ್ವ ಗಾಬರಿಯಾಗಿ ಹಗ್ಗ ಬಿಗಿ ಹಿಡಿದಳು.

"ಯಾಕ್ರಿ ಯವ್ವಾ, ಹಂಗ್ಯಾಕ ನೋಡಾಕತ್ತೀರಿ? ನಾ ಏನರ ತಪ್ಪಿದ್ನೇನ್ರಿ?"

"ಇಲ್ಲ ಕಣೆ," ಎಂದಳು ಮಹಾಂತಮ್ಮ. "ಎಳಿ."