ವಿಷ ಕುಡಿದ ಆಂಟಿ ಮತ್ತು ಮೀಸೆಯ ನಾನು

ನನ್ನ ಗಂಟಲು ಗಂಡಸಿನದು. ಇದು ನಾನೇ ಹೇಳಿಕೊಳ್ಳುತ್ತಿರುವ ಮಾತಲ್ಲ, ಫೋನಿನಲ್ಲಿ ನನ್ನ ಜೊತೆ ಮಾತಾಡಿದವರೆಲ್ಲರ ಏಕಾಭಿಪ್ರಾಯ. ಬ್ಯಾಂಕಿನವರು ‘ಸರ್’ ಅನ್ನುತ್ತಾರೆ, ಗ್ಯಾಸ್ ಸಿಲಿಂಡರ್ ತರುವವನು ‘ಬಾಸ್’ ಅನ್ನುತ್ತಾನೆ. ಮಗಳ ಸ್ಕೂಲಿನಿಂದ ಕರೆ ಬಂದಾಗಲೆಲ್ಲ ನಾನೇ ಅವಳಪ್ಪ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಅಪ್ಪನಾಗಿಯೇ ಮಾತು ಮುಗಿಸುವುದು ಸಲೀಸು ಅನ್ನಿಸಿತು. ಹಾಗಾಗಿ ಪಕ್ಕದ ಫ್ಲಾಟಿನ ಆಂಟಿ ಒಂದು ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿ, “ನಂಗೊಬ್ಬ ಗಂಡಸು ಬೇಕಿತ್ತು ಮಾರಾಯ್ತಿ, ನೀನು ಆಗ್ತೀಯಾ?” ಎಂದು ಕೇಳಿದಾಗ ನಾನೇನೂ ಬೆಚ್ಚಿಬೀಳಲಿಲ್ಲ. ಕಾಫಿಗೆ ನೀರಿಟ್ಟು ಕೂರಿಸಿದೆ.

ಆಂಟಿ ಮಂಗಳೂರು ಕಡೆಯ ಕ್ಯಾಥೊಲಿಕ್ಕರು. ಇಲ್ಲಿ ನೈರೋಬಿಯಲ್ಲೇ ಟೀಚರಾಗಿದ್ದು ರಿಟೈರಾದವರು. ಮಕ್ಕಳ ಜೊತೆ ಕೊಂಕಣಿ, ನನ್ನ ಜೊತೆ ಕನ್ನಡ, ಗೇಟು ಕಾಯುವ ಆಸ್ಕರಿ ಜೊತೆ ಸ್ವಾಹಿಲಿ, ದೇವರ ಜೊತೆ ಇಂಗ್ಲಿಷ್. ಚರ್ಚಿನ ಕ್ವಾಯರ್‌ನಲ್ಲಿ ಮದುವೆಯಾದಾಗಿನಿಂದ ಹಾಡುತ್ತಾ ಬಂದಿದ್ದರು. ಈಗ ಊರಿನ ಒಪೆರಾ ಪ್ರಿಯರ ಸಂಘವೊಂದು ಹವ್ಯಾಸಿ ಹಾಡುಗಾರರಿಗೆ ಸ್ಪರ್ಧೆ ಇಟ್ಟಿತ್ತು. ಆಂಟಿ ಜೋಡಿ ಹಾಡಿನ ವಿಭಾಗಕ್ಕೆ ಹೆಸರು ಕೊಟ್ಟಿದ್ದರು. ಜೊತೆಗೆ ಹಾಡಬೇಕಿದ್ದ ಕ್ವಾಯರ್‌ನ ಮಹಾಶಯರಿಗೆ ಹರ್ನಿಯಾ ಆಪರೇಷನ್ ಆಗಿ, ಹಾಡುವುದಿರಲಿ, ಜೋರಾಗಿ ಕೆಮ್ಮಲೂ ಕೂಡದು ಎಂದು ಡಾಕ್ಟರು ಹೇಳಿದ್ದರಂತೆ.

“ಇಬ್ಬರು ಹಾಡ್ಬೇಕು ಅಂತ ಮಾತ್ರ ರೂಲ್ ಉಂಟು. ಒಬ್ಬರು ಗಂಡಸೇ ಆಗ್ಬೇಕು ಅಂತ ಎಲ್ಲಿಯೂ ಇಲ್ಲ,” ಎಂದರು ಆಂಟಿ.

“ನನಗೆ ನಾಲ್ಕು ದೇವರನಾಮ ಬಿಟ್ರೆ ಏನೂ ಬರಲ್ಲ ಆಂಟಿ.”

“ಮೊನ್ನೆ ನೀನು ಪ್ಲಂಬರಿಗೆ ಬೈದದ್ದು ನನ್ನ ಬೆಡ್‌ರೂಮಿಗೆ ಕೇಳಿಸ್ತಿತ್ತು. ನಂಗೆ ಅದೇ ಸ್ವರ ಬೇಕು.”

ಹಾಡಿನ ಕಥೆ ಹೀಗಿತ್ತು. ಸೈನಿಕ ಯುದ್ಧದಲ್ಲಿ ಸತ್ತ ಎಂಬ ಸುಳ್ಳು ಸುದ್ದಿ ನಂಬಿ ನಾಯಕಿ ವಿಷ ಕುಡಿಯುತ್ತಾಳೆ. ಅಷ್ಟರಲ್ಲಿ ಸೈನಿಕ, ಅಂದರೆ ನಾನು, ಜೀವಂತ ಬರುತ್ತೇನೆ. ಇಬ್ಬರೂ ಇಟಾಲಿಯನ್ನಿನಲ್ಲಿ ಗೋಳಾಡುತ್ತೇವೆ. ಕೊನೆಗೆ ಆಕೆ ಒಂದು ಎತ್ತರದ ಸ್ವರ ಹಿಡಿದು, ಅದನ್ನು ಎಳೆದೂ ಎಳೆದೂ ನನ್ನ ತೋಳಿನಲ್ಲಿ ಸಾಯುತ್ತಾಳೆ. ನನ್ನ ಗಂಡ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್. ಕಥೆ ಕೇಳಿ ಅವರು ತಲೆ ಕೆಡಿಸಿಕೊಂಡದ್ದು ಒಂದೇ ವಿಷಯಕ್ಕೆ.

“ಯಾವ ವಿಷ ಅಂತೆ ಕಣೇ?”

“ಬರೆದಿಲ್ಲ ರೀ.”

“ಕುಡಿದ ಮೇಲೂ ಇಷ್ಟು ಹೊತ್ತು ಉಸಿರಿರತ್ತೆ ಅಂದ್ರೆ ಡೋಸ್ ಕಡಿಮೆ ಆಗಿದೆ. ಹೊಟ್ಟೆ ತೊಳೆದ್ರೆ ಬದುಕ್ತಾಳೆ.”

ಇಂಥ ಮನುಷ್ಯನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಇನ್ನು ಒಪೆರಾ ಯಾವ ಲೆಕ್ಕ ಎಂದು ಒಪ್ಪಿಕೊಂಡೆ.

ಅಭ್ಯಾಸ ಶುರುವಾಯಿತು. ಇಟಾಲಿಯನ್ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಪಿಯಾನೋ ನುಡಿಸುತ್ತಿದ್ದವರು ಆಂಟಿಯ ಚರ್ಚಿನವರು, ದಪ್ಪಗಿನ, ನಿಧಾನದ ಮನುಷ್ಯ, ಕೆನ್ಯಾದವರೇ, ಊರು ಕಿಸುಮು ಕಡೆ. ನನ್ನನ್ನು ಹೇಗೆ ಕರೆಯಬೇಕೆಂದು ತಿಳಿಯದೆ ‘ಮಿಸ್ಟರ್ ಮೇಡಂ’ ಎಂದು ಕರೆಯತೊಡಗಿದರು. ನನಗೊಂದು ರೋಗ, ಹಾಡುವಾಗ ಬಲಗೈ ತಾನಾಗಿ ತೊಡೆ ತಟ್ಟಿ ತಾಳ ಹಾಕುತ್ತದೆ. ಪ್ರಿಯತಮೆ ವಿಷ ಕುಡಿದು ಒದ್ದಾಡುತ್ತಿರುವಾಗ ಸೈನಿಕ ಆದಿತಾಳ ಹಾಕಿಕೊಂಡು ನಿಲ್ಲಬಾರದು ಎಂದು ಅವರು ಬಹಳ ಮರ್ಯಾದೆಯಿಂದ ಹೇಳಿದರು. ಕೊನೆಗೆ ಆಂಟಿಯೇ ನನ್ನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಸಾಯುವುದೆಂದು ತೀರ್ಮಾನವಾಯಿತು.

ಒಂದು ಸಂಜೆ ಆಂಟಿ ನಮ್ಮ ಹಾಲ್‌ನಲ್ಲಿ ಸಾಯುತ್ತಿದ್ದಾಗ ಬಾಗಿಲಲ್ಲಿ ದಬದಬ ಸದ್ದಾಯಿತು. ಆಸ್ಕರಿ ದೊಣ್ಣೆ ಹಿಡಿದು ನಿಂತಿದ್ದ. ಮೂರನೇ ಮಹಡಿಯವರು ದೂರು ಕೊಟ್ಟಿದ್ದರಂತೆ, ಇಂಡಿಯನ್ನರ ಮನೆಯಲ್ಲಿ ಗಂಡ ಯಾರೋ ಮುದುಕಿಯನ್ನು ಹೊಡೆಯುತ್ತಿದ್ದಾನೆ ಎಂದು. “ಎಲ್ಲಾ ಸವಾ?” ಎಲ್ಲ ಸರಿಯಿದೆಯಾ ಎಂದು ನನ್ನ ಹೆಗಲಾಚೆ ಇಣುಕಿದ. ನೆಲದ ಮೇಲೆ ಬಿದ್ದಿದ್ದ ಆಂಟಿ ಏಳದೆ, ಕಣ್ಣೂ ಬಿಡದೆ, “ಸವಾ, ಸವಾ, ಅಸಾಂಟೆ,” ಎಂದು ಥ್ಯಾಂಕ್ಸನ್ನೂ ಹೇಳಿದರು. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆಮೇಲೆ ಬಹಳ ದಿನ ನನ್ನ ಗಂಡನಿಗೆ ಗೇಟು ತೆಗೆಯುವಾಗ ಅವರ ಮುಖವನ್ನೇ ದಿಟ್ಟಿಸುತ್ತಿದ್ದ.

ಆವತ್ತು ಇಬ್ಬರೂ ನಕ್ಕೂ ನಕ್ಕೂ ಸುಸ್ತಾಗಿ ಕೂತಿದ್ದಾಗ ಆಂಟಿ ಇದ್ದಕ್ಕಿದ್ದಂತೆ ಹೇಳಿದರು.

“ಕ್ವಾಯರ್‌ನಲ್ಲಿ ನನ್ನನ್ನು ಹಿಂದಿನ ಸಾಲಿಗೆ ಹಾಕಿದ್ದಾರೆ ಗೊತ್ತುಂಟಾ? ಈಸ್ಟರ್ ಆದ ಮೇಲೆ. ಮೇಲಿನ ಸ್ವರ ನಡುಗ್ತದೆ ಅಂತ. ಸುಳ್ಳಲ್ಲ ಅದು. ನಂಗೇ ಗೊತ್ತಾಗ್ತದೆ, ಹೋಗ್ತಾ ಉಂಟು. ಮುಂದಿನ ವರ್ಷ ಇರುದಿಲ್ಲ.”

ನಾನು ಏನೋ ಸಮಾಧಾನ ಹೇಳಲು ಹೋದೆ. ಅವರು ಬೇಡ ಎಂದು ಕೈಯಾಡಿಸಿದರು.

“ಗೆದ್ದವರನ್ನು ಡಿಸೆಂಬರಿನಲ್ಲಿ ಆರ್ಕೆಸ್ಟ್ರಾ ಜೊತೆ ಹಾಡಿಸ್ತಾರೆ. ಇಡೀ ಆರ್ಕೆಸ್ಟ್ರಾ! ಕ್ವಾಯರ್‌ನಲ್ಲಿ ಒಂದು ಆರ್ಗನ್ನು, ಅದೂ ಅರ್ಧ ಕೆಟ್ಟದ್ದು. ನನ್ನ ಹಿಂದೆ ಅಷ್ಟು ಪಿಟೀಲು ಒಟ್ಟಿಗೆ ಏಳುದನ್ನು ಒಮ್ಮೆ ಕೇಳ್ಬೇಕು. ಒಂದು ಸಲ ಸಾಕು.”

ಅಲ್ಲಿಯವರೆಗೆ ನನಗಿದು ತಮಾಷೆಯಾಗಿತ್ತು. ಆವತ್ತಿನಿಂದ ಭಯ ಶುರುವಾಯಿತು. ನನ್ನಿಂದಾಗಿ ಆಂಟಿಗೆ ಆರ್ಕೆಸ್ಟ್ರಾ ತಪ್ಪಿದರೆ ಮುಖ ಹೇಗೆ ತೋರಿಸಲಿ ಎಂದು ಸ್ನಾನ ಮಾಡುವಾಗಲೂ, ಚಪಾತಿ ಲಟ್ಟಿಸುವಾಗಲೂ ಸೈನಿಕನ ಸಾಲುಗಳನ್ನೇ ಗುನುಗುತ್ತಿದ್ದೆ. ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, “ಅಮ್ಮಾ, ಪ್ಲೀಸ್, ಐ ಲಿವ್ ಹಿಯರ್ ಟೂ,” ಎನ್ನುತ್ತಿದ್ದಳು.

ಸ್ಪರ್ಧೆ ನಡೆದದ್ದು ಹರ್ಲಿಂಗ್‌ಹ್ಯಾಮ್ ಕಡೆಯ ಒಂದು ಹಾಲ್‌ನಲ್ಲಿ. ನಾನು ನನ್ನ ಗಂಡ ಆಡಿಟ್ ದಿನ ಹಾಕುವ ಕಪ್ಪು ಕೋಟು ತೊಟ್ಟು, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಟ್ಯಾಕ್ಸಿ ಹತ್ತಿದೆ. ಆಂಟಿ ಬಿಳಿ ಗೌನಿನಲ್ಲಿದ್ದರು. ಟ್ಯಾಕ್ಸಿಯವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, ಮದುವೆಗೆ ಅಭಿನಂದನೆ ಎಂದ. ಆಂಟಿ ಗಂಭೀರವಾಗಿ ಥ್ಯಾಂಕ್ಸ್ ಹೇಳಿದರು.

ಹಾಲ್‌ನಲ್ಲಿ ಮೂವರು ತೀರ್ಪುಗಾರರಿದ್ದರು. ಮುಖ್ಯ ತೀರ್ಪುಗಾರ್ತಿ ಒಬ್ಬ ಬಿಳಿಯ ಅಜ್ಜಿ, ಜೀವಮಾನವೆಲ್ಲ ಹಾಡು ಕಲಿಸಿದವರು, ಮುಂದೆ ಒಂದು ಹಿತ್ತಾಳೆಯ ಗಂಟೆ ಇಟ್ಟುಕೊಂಡಿದ್ದರು. ಒಂದು ಜೋಡಿಗೆ ಹತ್ತು ನಿಮಿಷ. ಗಂಟೆ ಬಾರಿಸಿದ ಮೇಲೂ ಹಾಡುತ್ತಿದ್ದರೆ ಸ್ಪರ್ಧೆಯಿಂದ ಹೊರಗೆ. ಇದನ್ನು ಅವರು ಶುರುವಿನಲ್ಲೇ ಎದ್ದು ನಿಂತು, ಗಂಟೆ ಎತ್ತಿ ತೋರಿಸಿ ಹೇಳಿದರು. ನಮಗಿಂತ ಮುಂಚೆ ಹಾಡಿದ ಜೋಡಿಯೊಂದರಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದ. ಅವನು ಎಷ್ಟು ಬಾಯಿ ತೆರೆದನೆಂದರೆ, ಅವನ ಪೇಷೆಂಟುಗಳು ಆವತ್ತು ಸೇಡು ತೀರಿಸಿಕೊಂಡಿರಬೇಕು. ಚೆನ್ನಾಗಿಯೇ ಹಾಡಿದ. ಆಂಟಿ ನನ್ನ ಕಿವಿಯಲ್ಲಿ, “ಹೆದರ್ಬೇಡ, ಅವನ ಜೊತೆಯವಳಿಗೆ ಉಸಿರು ಸಾಲುದಿಲ್ಲ,” ಎಂದರು.

ನಾವು ವೇದಿಕೆ ಹತ್ತುವ ಹೊತ್ತಿಗೆ ಹಿಂದಿನ ಬಾಗಿಲು ತೆರೆದುಕೊಂಡು ನನ್ನ ಗಂಡ ಬಂದರು. ಒಬ್ಬರೇ ಬಂದಿರಲಿಲ್ಲ. ಅವರ ಕಾರ್ಖಾನೆಯ, ಅಕ್ಕಪಕ್ಕದ ಕಾರ್ಖಾನೆಗಳ ಕನ್ನಡದವರನ್ನೆಲ್ಲ ಸ್ಟಾಫ್ ವ್ಯಾನಿನಲ್ಲಿ ತುಂಬಿಕೊಂಡು ಬಂದಿದ್ದರು. ಜಾಮ್‌ನಲ್ಲಿ ಸಿಕ್ಕಿ ಬೆವರಿದ್ದ ಅವರೆಲ್ಲ ಹಿಂದಿನ ಎರಡು ಸಾಲು ಹಿಡಿದು ಕೂತರು. ನಮ್ಮ ಹೆಂಗಸರು ಸ್ಪರ್ಧೆಯಲ್ಲಿರುವಾಗ ಪ್ರೋತ್ಸಾಹ ಕೊಡದಿದ್ದರೆ ಹೇಗೆ ಎಂಬುದು ಅವರ ವಾದ.

ಹಾಡು ಶುರುವಾಯಿತು. ನನ್ನ ಮೊದಲ ಸಾಲಿಗೇ ತೀರ್ಪುಗಾರರ ತಲೆಗಳು ಮೇಲೆದ್ದವು. ಪಿಯಾನೋದವರು ಮಿಸ್ಟರ್ ಮೇಡಂನತ್ತ ನೋಡಿ ತಲೆದೂಗಿದರು. ಆಂಟಿ ನನ್ನ ಬಲಗೈ ಹಿಡಿದುಕೊಂಡು ನಿಧಾನಕ್ಕೆ ಕುಸಿದರು. ಅವರ ಭಾರಕ್ಕೆ ನನ್ನ ಮಂಡಿ ಕಟಕ್ಕೆಂದಿತು, ಆದರೂ ಬಿಡಲಿಲ್ಲ. ಆಮೇಲೆ ಆ ಮೇಲಿನ ಸ್ವರ ಬಂತು. ಹೇಗೆ ಹೇಳಲಿ? ಒಂದಿಷ್ಟೂ ನಡುಗಲಿಲ್ಲ. ನಾನು ಅಷ್ಟು ಹತ್ತಿರದಲ್ಲಿದ್ದು ನೋಡುತ್ತಿದ್ದೆ, ಅವರ ಕುತ್ತಿಗೆಯ ನರಗಳು ಉಬ್ಬಿದ್ದವು, ಮುಖ ಮಾತ್ರ ತಣ್ಣಗಿತ್ತು. ಸ್ವರ ಸಣ್ಣಗಾಗುತ್ತಾ ಆಗುತ್ತಾ ನಿಂತಿತು. ಆಂಟಿ ಸತ್ತರು. ಬಿಳಿಯ ಅಜ್ಜಿ ಪೆನ್ನು ಕೆಳಗಿಟ್ಟು ಪಕ್ಕದವರಿಗೆ ಏನೋ ಪಿಸುಗುಟ್ಟಿದರು. ಗೆದ್ದೆವು ಎಂದು ನನಗೆ ಖಾತ್ರಿಯಾಯಿತು, ಕಣ್ಣಲ್ಲಿ ನೀರು ಬಂದು ಮೀಸೆ ಕರಗಿತು.

ಆಗ ಹಿಂದಿನ ಸಾಲಿನಿಂದ ನನ್ನ ಗಂಡನ ದನಿ ಕೇಳಿತು. “ವನ್ಸ್ ಮೋರ್!”

ಅದರ ಬೆನ್ನಿಗೇ ಎರಡೂ ಸಾಲು. “ವನ್ಸ್ ಮೋರ್! ವನ್ಸ್ ಮೋರ್!” ಸಿಳ್ಳೆ ಬೇರೆ.

ಅವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ ಹಾಡು ಹಿಡಿಸಿದರೆ ಜನ ವನ್ಸ್ ಮೋರ್ ಅನ್ನುವುದು, ಸತ್ತು ಬಿದ್ದ ಪಾತ್ರ ಮೈ ಕೊಡವಿಕೊಂಡೆದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುವುದು, ಇದೆಲ್ಲ ನಡೆದುಬಂದದ್ದೇ. ನೈರೋಬಿಗೆ ಬಂದರೂ ಬಿಟ್ಟಿಲ್ಲ. ರಾಜ್ಯೋತ್ಸವದಲ್ಲಿ ಪುಟ್ಟ ಮಗು ಹಾಡಿದರೂ ವನ್ಸ್ ಮೋರ್ ಬೀಳಲೇಬೇಕು, ಬೀಳದಿದ್ದರೆ ಮಗುವಿನ ಅಮ್ಮ ವರ್ಷಗಟ್ಟಲೆ ಮುಖ ಊದಿಸಿಕೊಳ್ಳುತ್ತಾಳೆ. ಅದು ನಾವು ಕೊಡುವ ದೊಡ್ಡ ಮರ್ಯಾದೆ. ಆದರೆ ಆ ಬಿಳಿಯ ಅಜ್ಜಿಗೆ ಇದನ್ನೆಲ್ಲ ಯಾರು ಹೇಳಬೇಕು? ಅವರು ಗಡಿಯಾರ ನೋಡಿ ಗಂಟೆಯ ಮೇಲೆ ಕೈಯಿಟ್ಟರು.

ತೋಳಿನಲ್ಲಿದ್ದ ಹೆಣ ಒಂದು ಕಣ್ಣು ತೆರೆಯಿತು. “ಎಂತ ಅದು?”

“ಇನ್ನೊಂದ್ಸಲ ಹಾಡಿ ಅಂತಿದ್ದಾರೆ. ನೀವು ಏಳ್ಬೇಡಿ ಆಂಟಿ. ಹತ್ತು ನಿಮಿಷ ಆಗೋಗತ್ತೆ. ಸುಮ್ನೆ ಸತ್ತಿರಿ.”

“ನನ್ನನ್ನಾ ಕೇಳುದು?”

“ನಿಮ್ಮನ್ನೇ. ಅಯ್ಯೋ, ಕಣ್ಣು ಮುಚ್ಚಿ!”

ಮುಂದಿನ ಸಾಲುಗಳಲ್ಲಿದ್ದ ಕೆನ್ಯಾದವರೂ, ಆ ಹಲ್ಲಿನ ಡಾಕ್ಟರೂ ಹಿಂದಿರುಗಿ ನೋಡಿ, ನಗುತ್ತಾ ತಾವೂ ಕೂಗತೊಡಗಿದ್ದರು. ಆಂಟಿ ಕಿವಿಗೊಟ್ಟು ಕೇಳಿದರು. “ಚರ್ಚಿನಲ್ಲಿ ಹಾಡು ಮುಗಿದ ಮೇಲೆ ಜನ ಕೆಮ್ಮುದು ಮಾತ್ರ,” ಎಂದರು, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ. ಆಮೇಲೆ ನನ್ನ ಹೆಗಲು ಹಿಡಿದು, “ಎಬ್ಬಿಸು ನನ್ನನ್ನು,” ಎಂದರು.

ನಾನು ಎಬ್ಬಿಸಲಿಲ್ಲ. ನಿಜಕ್ಕೂ ಅದುಮಿ ಹಿಡಿದೆ. ವೇದಿಕೆಯ ಮೇಲೆ ಮೀಸೆ ಕರಗಿದ ಸೈನಿಕ ಹೆಣವನ್ನು ಏಳಗೊಡದೆ ಸೆಣಸಾಡುತ್ತಿದ್ದುದನ್ನು ಜನ ನೋಡಿದರು. ಆಂಟಿಯೇ ಗೆದ್ದರು. ಎದ್ದು, ಗೌನು ಕೊಡವಿ, ಪಿಯಾನೋದವರಿಗೆ ತಲೆಯಾಡಿಸಿದರು. ಅವರು ನನ್ನನ್ನು ನೋಡಿದರು, ಗಂಟೆಯನ್ನು ನೋಡಿದರು, ಆಮೇಲೆ ಭುಜ ಕುಣಿಸಿ ನುಡಿಸಿಯೇಬಿಟ್ಟರು.

ನಾವು ಎರಡನೇ ಸಲ ಅರ್ಧಕ್ಕೆ ಬರುವಷ್ಟರಲ್ಲಿ ಅಜ್ಜಿ ಗಂಟೆ ಬಾರಿಸಿದರು. ನಾವು ನಿಲ್ಲಿಸಲಿಲ್ಲ. ಮತ್ತೆ ಬಾರಿಸಿದರು. ಆಂಟಿ ಹಾಡುತ್ತಲೇ ಇದ್ದರು. ಮೇಲಿನ ಸ್ವರ ಹಿಡಿದರು, ಅದು ಈ ಸಲ ಅರ್ಧದಲ್ಲೇ ಒಡೆಯಿತು. ನನ್ನ ಕೈ ಹಿಡಿದಿದ್ದ ಅವರ ಕೈ ಒಮ್ಮೆ ಬಿಗಿಯಾಯಿತು, ಅಷ್ಟೆ. ಉಳಿದ ಸ್ವರವನ್ನು ಇದ್ದಷ್ಟು ದನಿಯಲ್ಲಿ ಮುಗಿಸಿ, ಮೊದಲಿಗಿಂತ ಅಚ್ಚುಕಟ್ಟಾಗಿ ಸತ್ತರು. ನನ್ನ ಗಂಡ ಮೂರನೇ ಸಲ ಬಾಯಿ ತೆರೆಯುವವರಿದ್ದರು, ನಾನು ವೇದಿಕೆಯಿಂದಲೇ ನೋಡಿದ ನೋಟಕ್ಕೆ ಹಾಗೆಯೇ ಮುಚ್ಚಿಕೊಂಡರು.

ಮೊದಲ ಬಹುಮಾನ ಹಲ್ಲಿನ ಡಾಕ್ಟರ ಜೋಡಿಗೆ ಹೋಯಿತು. ಬಿಳಿಯ ಅಜ್ಜಿ ಆಮೇಲೆ ನಮ್ಮ ಹತ್ತಿರ ಬಂದು, ನಿಮ್ಮ ಮೊದಲ ಸಲದ್ದೇ ಈ ಸಂಜೆಯ ಅತ್ಯುತ್ತಮ ಹಾಡು, ಅಲ್ಲಿಗೇ ನಿಲ್ಲಿಸಿದ್ದರೆ ಬಹುಮಾನ ನಿಮ್ಮದಾಗಿತ್ತು ಎಂದರು. ಇದನ್ನು ಹೇಳದೆ ಇದ್ದಿದ್ದರೆ ಏನಾಗುತ್ತಿತ್ತು ಆಕೆಗೆ? ಆಂಟಿ ಅವರ ಕೈ ಕುಲುಕಿ ಥ್ಯಾಂಕ್ಸ್ ಹೇಳಿದರು.

ವಾಪಸು ಬರುವಾಗ ವ್ಯಾನಿನಲ್ಲಿ ನಮಗೆ ಮುಂದಿನ ಸೀಟು ಬಿಟ್ಟುಕೊಟ್ಟರು. ಹಿಂದೆ ಎಲ್ಲರೂ ಗೆದ್ದು ಬಂದವರ ಹಾಗೆ ಗಲಾಟೆ ಮಾಡುತ್ತಿದ್ದರು. ನನ್ನ ಗಂಡನಿಗಂತೂ ತಾನೇನು ಮಾಡಿದೆ ಎಂಬುದು ಇನ್ನೂ ಗೊತ್ತಿರಲಿಲ್ಲ. ನಾನು ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಅತ್ತೇಬಿಟ್ಟೆ.

“ನೀನು ಎಂತಕ್ಕೆ ಅಳುದು?” ಎಂದರು ಆಂಟಿ.

“ಆರ್ಕೆಸ್ಟ್ರಾ ಹೋಯ್ತಲ್ಲ ಆಂಟಿ.”

ಆಂಟಿ ಬ್ಯಾಗಿನಿಂದ ಟಿಶ್ಯೂ ತೆಗೆದು, ನನ್ನ ಗಲ್ಲದವರೆಗೆ ಇಳಿದಿದ್ದ ಮೀಸೆಯನ್ನು ಒತ್ತಿ ಒತ್ತಿ ಒರೆಸಿದರು. ಅವರ ದನಿ ಪೂರ್ತಿ ಕೂತಿತ್ತು, ಗಾಳಿಯಷ್ಟೇ ಹೊರಬರುತ್ತಿತ್ತು.

“ಆರ್ಕೆಸ್ಟ್ರಾದವರು ಒಂದೇ ಸಲ ಹಾಡಿಸಿ ಮನೆಗೆ ಕಳಿಸ್ತಿದ್ರು ಮಾರಾಯ್ತಿ,” ಎಂದರು.